ಆಟ ನಿಲ್ಲಿಸುವ ಹೊಣೆ ಮಗುವಿನದಲ್ಲ

ಈ ಸಂಚಿಕೆಯಲ್ಲಿ ಅತಿಥಿ ಯಾರೂ ಇಲ್ಲ, ನಾನೊಬ್ಬಳೇ. ಸಾಮಾನ್ಯವಾಗಿ ಇಲ್ಲಿ ಬೇರೆಯವರ ಸಂಶೋಧನೆ ಬಗ್ಗೆ ಮಾತಾಡ್ತೀವಿ, ನನ್ನ ಸ್ವಂತ ಅಭಿಪ್ರಾಯವನ್ನು ಆದಷ್ಟು ಪಕ್ಕಕ್ಕಿಡ್ತೀನಿ. ಇವತ್ತು ಹಾಗಲ್ಲ. ಇವತ್ತು ಒಂದು ನಿಲುವು ಹೇಳ್ತೀನಿ, ಅದಕ್ಕೆ ಕಾರಣಗಳನ್ನೂ ಹೇಳ್ತೀನಿ. ಒಪ್ಪೋದು ಬಿಡೋದು ನಿಮಗೆ ಸೇರಿದ್ದು. ಪ್ರಶ್ನೆ ಇದು: ಸುಡುವ ಬಿಸಿಲಿನ ದಿನಗಳಲ್ಲಿ ಮಕ್ಕಳನ್ನು ಶಾಲೆಯ ಆಟಕ್ಕೆ ಕಳಿಸಬೇಕಾ, ಬೇಡವಾ?

ಈ ಪ್ರಶ್ನೆ ನಮ್ಮ ಮನೆಗೇ ಬಂತು. ನಾನಿರೋದು ಅಮೆರಿಕದ ಜಾರ್ಜಿಯಾ ರಾಜ್ಯದ ಅಟ್ಲಾಂಟಾದಲ್ಲಿ. ನಮ್ಮ ಅಕ್ಕನ ಮನೆ ಇಲ್ಲೇ ಇಪ್ಪತ್ತು ನಿಮಿಷದ ದಾರಿ. ಅವಳ ಮಗ ಒಂಬತ್ತನೇ ತರಗತಿಗೆ ಸೇರಿದ, ಶಾಲೆಯ ಕ್ರಾಸ್ ಕಂಟ್ರಿ ಓಟದ ತಂಡಕ್ಕೂ ಸೇರಿದ. ಆ ಬೇಸಿಗೆಯಲ್ಲಿ ಅವರೆಲ್ಲ ಆರು ವಾರ ರಾಯಚೂರಿಗೆ, ಅಂದ್ರೆ ನಮ್ಮ ತವರಿಗೆ ಹೋಗಿದ್ದರು. ಜುಲೈ ಕೊನೆಗೆ ವಾಪಸ್ ಬಂದರು. ಇಲ್ಲಿ ಆಗಸ್ಟ್ ಮೊದಲ ವಾರದಲ್ಲೇ ಶಾಲೆ ಶುರುವಾಗುತ್ತೆ, ಅದರ ಜೊತೆಗೇ ಅಭ್ಯಾಸವೂ ಶುರು. ಬಂದ ಮೂರನೇ ದಿನ ಹುಡುಗ ಮೈದಾನದಲ್ಲಿದ್ದ.

ಅಭ್ಯಾಸದ ಎರಡನೇ ದಿನ, ಸಂಜೆ ನಾಲ್ಕೂವರೆ ಹೊತ್ತಿಗೆ, ಅವನು ಗುಂಪಿನಿಂದ ಹಿಂದೆ ಬೀಳೋಕೆ ಶುರುಮಾಡಿದ. ಆ ಬಿಸಿಲಲ್ಲೂ ಮೈಮೇಲೆ ಮುಳ್ಳು ಎದ್ದಿತ್ತಂತೆ. ಯಾರೋ ಮಾತಾಡಿಸಿದರೆ ಸಿಡುಕಿದ. ಆಮೇಲೆ ಎಲ್ಲರೂ ಬಲಕ್ಕೆ ತಿರುಗಿದರೆ ಇವನು ಎಡಕ್ಕೆ ಹೋದ. ಅಲ್ಲಿ ನಿಂತಿದ್ದ ಇನ್ನೊಬ್ಬ ಹುಡುಗನ ತಾಯಿಗೆ ಇದು ಸರಿ ಕಾಣಲಿಲ್ಲ. ಓಡಿಹೋಗಿ ಹಿಡಿದು ಕೂರಿಸಿ, ತಮ್ಮ ಐಸ್ ಪೆಟ್ಟಿಗೆಯಲ್ಲಿದ್ದ ಐಸನ್ನು ನೀರಿನ ಸಮೇತ ಅವನ ತಲೆ, ಕುತ್ತಿಗೆ, ಕಂಕುಳಿಗೆ ಸುರಿದರು. ಅವನು ವಾಂತಿ ಮಾಡ್ಕೊಂಡ, ಅರ್ಧ ಗಂಟೆಯಲ್ಲಿ ಚೇತರಿಸಿಕೊಂಡ. ಆಸ್ಪತ್ರೆಯಲ್ಲಿ ನೋಡಿ, ಸದ್ಯ ಇಷ್ಟರಲ್ಲೇ ಉಳಿಯಿತು ಅಂದರು.

ಮೈದಾನದ ಶಾಖ ಅಳೆಯೋ ಉಪಕರಣ ಆ ಶಾಲೆಯಲ್ಲಿ ಇತ್ತು. ಆದರೆ ಆವತ್ತು ಅದು ಕೋಚ್ ಕೋಣೆಯ ಕಪಾಟಿನಲ್ಲಿತ್ತು.

ಅಕ್ಕ ರಾತ್ರಿ ಫೋನ್ ಮಾಡಿದಳು. "ಏ, ನೀ ಬಯಾಲಜಿ ಓದಿದಾಕಿ, ನೀನ ಹೇಳು. ಇವನ್ನ ಟೀಮಿನಿಂದ ಬಿಡಸ್ಲೇನು?" ಹಿಂದಿನಿಂದ ಭಾವನ ಧ್ವನಿ ಕೇಳಿಸ್ತು. ಅವರು ಮಂಗಳೂರು ಕಡೆಯವರು. "ಉಳಿದ ಮಕ್ಕಳೆಲ್ಲ ಓಡ್ಲಿಲ್ವಾ? ಸ್ವಲ್ಪ ಗಟ್ಟಿಯಾಗ್ಬೇಕು ಇವನು." ನಮ್ಮ ಅಪ್ಪ ಆಗ ಅಕ್ಕನ ಮನೆಯಲ್ಲೇ ಇದ್ದರು, ಅವರೊಂದಿಗೇ ಬಂದಿದ್ದರು. ಅವರದು ಇನ್ನೊಂದು ಮಾತು: "ನಮ್ಮೂರಾಗ ನಲವತ್ತೆರಡು ಡಿಗ್ರಿ ಬಿಸಲಾಗ ನಾವು ಕಬಡ್ಡಿ ಆಡಿಲ್ಲೇನು? ಇಲ್ಲಿ ನೋಡಿದ್ರ ಮೂವತ್ಮೂರು. ಇದು ಒಂದು ಬಿಸಲಾ?"

ಬಿಡಿಸಿಬಿಡಬೇಕು ಅನ್ನೋರು ಒಬ್ಬರು, ಗಟ್ಟಿಯಾಗಲಿ ಅನ್ನೋರು ಇನ್ನೊಬ್ಬರು, ನಮ್ಮ ಕಾಲದಲ್ಲಿ ಏನೂ ಆಗಲಿಲ್ಲ ಅನ್ನೋರು ಮತ್ತೊಬ್ಬರು. ನಿಮ್ಮ ಮನೆಯಲ್ಲೂ ಈ ಮೂವರು ಇರ್ತಾರೆ. ಮೂವರ ಮಾತಿನಲ್ಲೂ ಒಂದಿಷ್ಟು ನಿಜ ಇದೆ. ಹಿರಿಯರು, ಅಪ್ಪನ ಮಾತಿನಿಂದಲೇ ಶುರುಮಾಡ್ತೀನಿ.

ರಾಯಚೂರಿನ ಮನೆಗಳಲ್ಲಿ ಮಣ್ಣಿನ ಹರವಿಯಲ್ಲಿ ನೀರಿಡ್ತಾರೆ. ಮೇ ತಿಂಗಳ ಮಧ್ಯಾಹ್ನ ಆ ನೀರು ಕುಡಿದರೆ ಹಲ್ಲು ಜುಮ್ ಅನ್ನುತ್ತೆ. ಅದೇ ಹರವಿಯನ್ನು ಮಂಗಳೂರಿಗೆ ತಗೊಂಡು ಹೋಗಿ ಇಡಿ, ನೀರು ಅಷ್ಟು ತಣ್ಣಗಾಗೋದೇ ಇಲ್ಲ. ರಾಯಚೂರಿನ ಗಾಳಿ ಒಣಗಿರುತ್ತೆ, ಹರವಿಯ ಮೈಯಿಂದ ಜಿನುಗಿದ ನೀರು ಬೇಗ ಆವಿಯಾಗುತ್ತೆ, ಆವಿಯಾಗುವಾಗ ಒಳಗಿನ ಶಾಖವನ್ನು ಎತ್ಕೊಂಡು ಹೋಗುತ್ತೆ. ಮಂಗಳೂರಿನ ಗಾಳಿಯಲ್ಲಿ ಆಗಲೇ ತೇವ ತುಂಬಿರುತ್ತೆ, ಇನ್ನಷ್ಟು ಆವಿಗೆ ಅಲ್ಲಿ ಹೆಚ್ಚು ಜಾಗ ಇರಲ್ಲ.

ನಮ್ಮ ದೇಹವೂ ಒಂದು ಹರವಿ. ಓಡುವಾಗ ಸ್ನಾಯುಗಳು ಬಳಸೋ ಶಕ್ತಿಯಲ್ಲಿ ಸುಮಾರು ಕಾಲು ಭಾಗ ಮಾತ್ರ ಓಟಕ್ಕೆ ಹೋಗುತ್ತೆ. ಉಳಿದ ಮುಕ್ಕಾಲು ಭಾಗ ಶಾಖವಾಗುತ್ತೆ. ಐವತ್ತು ಕಿಲೋ ತೂಕದ ಹುಡುಗ ಜೋರಾಗಿ ಓಡ್ತಿದ್ದಾನೆ ಅಂದ್ಕೊಳ್ಳಿ. ಆ ಶಾಖ ಹೊರಗೆ ಹೋಗೋ ದಾರಿಯೇ ಇಲ್ಲ ಅಂದ್ರೆ, ಲೆಕ್ಕದ ಪ್ರಕಾರ ಅವನ ಮೈ ಆರೇಳು ನಿಮಿಷಕ್ಕೆ ಒಂದು ಡಿಗ್ರಿಯಂತೆ ಏರ್ತಾ ಹೋಗುತ್ತೆ. 37 ಇದ್ದದ್ದು ಅರ್ಧ ಗಂಟೆಯೊಳಗೆ 40 ದಾಟುತ್ತೆ. ಹಾಗಾಗದಂತೆ ಕಾಪಾಡೋದು ಮುಖ್ಯವಾಗಿ ಬೆವರು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಹೊರಗೆ ಹೋಗುತ್ತೆ. ಆದರೆ ಅದು ಆವಿಯಾಗಬೇಕು. ನೆಲಕ್ಕೆ ತೊಟ್ಟಿಕ್ಕಿದ ಬೆವರಿನಿಂದ ಮೈ ತಣ್ಣಗಾಗಲ್ಲ, ನೀರು ಮಾತ್ರ ನಷ್ಟ.

ಅದಕ್ಕೇ ಥರ್ಮಾಮೀಟರ್ ತೋರಿಸೋ ಒಂದು ಸಂಖ್ಯೆ ಆಟದ ಮೈದಾನಕ್ಕೆ ಸಾಲದು. 1950ರ ದಶಕದಲ್ಲಿ ನಮ್ಮ ಪಕ್ಕದ ರಾಜ್ಯ ಸೌತ್ ಕೆರೊಲಿನಾದ ಪ್ಯಾರಿಸ್ ಐಲ್ಯಾಂಡ್ ಅನ್ನೋ ಕಡೆ ಅಮೆರಿಕದ ಮರೀನ್ ಪಡೆಯ ಹೊಸ ಸೈನಿಕರು ತರಬೇತಿಯಲ್ಲಿ ಬಿಸಿಲಿಗೆ ಕುಸಿದು ಬೀಳ್ತಿದ್ದರು. ಅದನ್ನು ತಡೆಯೋಕೆ ಒಂದು ಅಳತೆ ಹುಟ್ಟಿತು: ವೆಟ್ ಬಲ್ಬ್ ಗ್ಲೋಬ್ ಟೆಂಪರೇಚರ್, ಚಿಕ್ಕದಾಗಿ ಡಬ್ಲ್ಯೂಬಿಜಿಟಿ. ಇದರಲ್ಲಿ ಮೂರು ಥರ್ಮಾಮೀಟರ್ ಇರುತ್ತೆ. ಒಂದಕ್ಕೆ ಒದ್ದೆ ಬಟ್ಟೆ ಸುತ್ತಿರುತ್ತೆ, ಬೆವರು ಎಷ್ಟು ಆರುತ್ತೆ ಅಂತ ಅದು ಹೇಳುತ್ತೆ. ಇನ್ನೊಂದು ಕಪ್ಪು ಗೋಳದೊಳಗೆ ಇರುತ್ತೆ, ಬಿಸಿಲಿನ ಝಳ ಎಷ್ಟು ಅಂತ ಹೇಳುತ್ತೆ. ಮೂರನೆಯದು ನೆರಳಿನ ಗಾಳಿಯದು, ನಾವು ದಿನಾ ಫೋನಿನಲ್ಲಿ ನೋಡೋದು ಇದನ್ನೇ. ಒದ್ದೆ ಬಟ್ಟೆಯದಕ್ಕೆ 70 ಪಾಲು, ಕಪ್ಪು ಗೋಳಕ್ಕೆ 20 ಪಾಲು, ಗಾಳಿಯ ಉಷ್ಣತೆಗೆ ಬರೀ 10 ಪಾಲು. ಅಂದ್ರೆ ನಾವು ದಿನಾ ಮಾತಾಡೋ ಸಂಖ್ಯೆಗೆ ಇಲ್ಲಿ ಹತ್ತರಲ್ಲಿ ಒಂದು ಪಾಲು ಮಾತ್ರ.

ಅಪ್ಪನ ಮುಂದೆ ಕೂತು ಒಂದು ಲೆಕ್ಕ ಹಾಕಿದೆ. ಉದಾಹರಣೆಗೆ, ರಾಯಚೂರಿನ ಒಣ ಮೇ ಮಧ್ಯಾಹ್ನ: ಗಾಳಿ 41, ಒದ್ದೆ ಬಟ್ಟೆಯದು 23, ಕಪ್ಪು ಗೋಳ 56. ಪಾಲು ಹಾಕಿ ಕೂಡಿಸಿದರೆ 31.4 ಡಿಗ್ರಿ. ಅಟ್ಲಾಂಟಾದ ಆಗಸ್ಟ್ ಸಂಜೆ: ಗಾಳಿ 33, ಒದ್ದೆ ಬಟ್ಟೆಯದು 27, ಕಪ್ಪು ಗೋಳ 46. ಇದೂ 31.4. ಗಾಳಿಯ ಉಷ್ಣತೆಯಲ್ಲಿ ಎಂಟು ಡಿಗ್ರಿ ವ್ಯತ್ಯಾಸ, ಓಡೋ ಮಗುವಿನ ದೇಹಕ್ಕೆ ಮಾತ್ರ ಎರಡೂ ಒಂದೇ. ಅಪ್ಪ ಮೂವತ್ಮೂರು ಡಿಗ್ರಿ ಅಂತ ನಕ್ಕಿದ್ದು ತಪ್ಪಲ್ಲ, ಆದರೆ ಅವರ ಕೈಯಲ್ಲಿದ್ದ ಅಳತೆ ಈ ಊರಿನದಾಗಿರಲಿಲ್ಲ.

ಅಪ್ಪನ ಅನುಭವದಲ್ಲಿ ಇನ್ನೊಂದು ದೊಡ್ಡ ವಿಷಯ ಇದೆ, ಅದನ್ನು ಅವರೇ ಮರೆತಿದ್ದರು. ನಮ್ಮ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿ ಬೆಳಿಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1.30ಕ್ಕೆ ಮುಗಿಯುತ್ತೆ. ಅಪ್ಪ ಆ ವೇಳಾಪಟ್ಟಿಯಲ್ಲೇ ವರ್ಷಾನುಗಟ್ಟಲೆ ಕೆಲಸ ಮಾಡಿದವರು. "ನಿಮ್ಮನ್ನು ಯಾರಾದರೂ ಕೇಳ್ತಿದ್ದರಾ, ಬಿಸಿಲು ತಡೀತೀರಾ ಅಂತ?" ಅಂದೆ. "ಯಾಕ ಕೇಳ್ತಾರ? ಆದೇಶ ಬರ್ತಿತ್ತು, ವ್ಯಾಳ್ಯಾ ಬದಲಾಕ್ಕಿತ್ತು" ಅಂದರು. ಯಾವ ಗುಮಾಸ್ತನೂ ಸಾಹೇಬರ ಮುಂದೆ ನಿಂತು, ನನಗೆ ಬಿಸಿಲು ತಡೆಯೋಕೆ ಆಗ್ತಿಲ್ಲ ಅಂತ ಹೇಳಬೇಕಾಗಿರಲಿಲ್ಲ. ತೀರ್ಮಾನ ಮೇಲಿನಿಂದ ಬರ್ತಿತ್ತು. ಯುಎಇಯಲ್ಲಿ ಇರೋ ಕೇಳುಗರಿಗೂ ಇದು ಗೊತ್ತು: ಅಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ನೇರ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ದೊಡ್ಡವರಿಗೆ ಇಷ್ಟು ಏರ್ಪಾಡು ಮಾಡ್ತೀವಿ. ಹದಿನಾಲ್ಕು ವರ್ಷದ ಹುಡುಗನಿಗೆ ಮಾತ್ರ, ಸುಸ್ತಾದ್ರೆ ನೀನೇ ಹೇಳಪ್ಪ ಅಂತೀವಿ.

ನನ್ನ ನಿಲುವು ಇಲ್ಲಿದೆ. ಬಿಸಿಲಲ್ಲಿ ಮಕ್ಕಳು ಆಡಬಹುದು, ಆಡಲೂ ಬೇಕು. ಆದರೆ ಯಾವಾಗ ನಿಲ್ಲಿಸಬೇಕು ಅನ್ನೋ ತೀರ್ಮಾನ ಮಗುವಿನ ಹೆಗಲ ಮೇಲೆ ಇರಬಾರದು. ಅಳತೆ, ನಿಯಮ, ನಿಲ್ಲಿಸೋ ಅಧಿಕಾರ ಇರೋ ಒಬ್ಬ ದೊಡ್ಡ ಮನುಷ್ಯ, ಇಷ್ಟು ಮೈದಾನದಲ್ಲಿ ಇರಬೇಕು. ಇಲ್ಲದ ದಿನ ಮಗುವನ್ನು ಕಳಿಸಬೇಡಿ, ಅದಕ್ಕೆ ನಾಚಿಕೆಯೂ ಪಡಬೇಡಿ.

ಯಾಕೆ ಇಷ್ಟು ಖಡಾಖಂಡಿತವಾಗಿ ಹೇಳ್ತೀನಿ ಅಂದ್ರೆ, ಕಾರಣ ಜೀವಶಾಸ್ತ್ರದ್ದು. ಮೈ ಬಿಸಿಯಾಗ್ತಾ ಹೋದಂತೆ ರಕ್ತ ಒಂದೇ ಹೊತ್ತಿಗೆ ಎರಡು ಕಡೆ ಬೇಕಾಗುತ್ತೆ, ಓಡೋ ಸ್ನಾಯುಗಳಿಗೂ ಬೇಕು, ಶಾಖ ಹೊರಹಾಕೋ ಚರ್ಮಕ್ಕೂ ಬೇಕು. ಕರುಳಿಗೆ ರಕ್ತ ಕಡಿಮೆಯಾಗುತ್ತೆ, ಅದರ ಗೋಡೆ ಸಡಿಲವಾಗಿ ಬ್ಯಾಕ್ಟೀರಿಯಾದ ವಿಷದ ಅಂಶಗಳು ರಕ್ತಕ್ಕೆ ಸೋರೋಕೆ ಶುರುವಾಗುತ್ತೆ. ಮೈಯೊಳಗಿನ ಉಷ್ಣತೆ 40 ದಾಟಿ ಮಿದುಳಿನ ಕೆಲಸ ಏರುಪೇರಾದರೆ ಅದನ್ನು ಹೀಟ್ ಸ್ಟ್ರೋಕ್ ಅಂತೀವಿ. ಅದರ ಮೊದಲ ಲಕ್ಷಣಗಳು ಏನು? ಗೊಂದಲ, ಸಿಡುಕು, ತಡವರಿಕೆ, ಎಲ್ಲಿದ್ದೀನಿ ಅನ್ನೋದು ತಿಳಿಯದಿರೋದು. ಅಂದ್ರೆ "ಸಾಕು, ನಿಲ್ಲಿಸ್ತೀನಿ" ಅಂತ ತೀರ್ಮಾನ ಮಾಡಬೇಕಾದ ಅಂಗವೇ ಮೊದಲು ಕೈಕೊಡುತ್ತೆ. ಅಕ್ಕನ ಮಗ ಎಡಕ್ಕೆ ತಿರುಗಿದಾಗ ಅವನಿಗೆ ತಾನು ದಾರಿ ತಪ್ಪಿದ್ದೂ ಗೊತ್ತಿರಲಿಲ್ಲ. ಅಂಥ ಮಿದುಳನ್ನು ನಂಬಿ, ಮಗು ಹೇಳುತ್ತೆ ಬಿಡಿ ಅಂತ ಕೂರೋದು ಹೇಗೆ?

ಮಿದುಳು ಸರಿಯಿದ್ದರೂ ಮಕ್ಕಳು ಹೇಳಲ್ಲ. ಮರುದಿನ ಅಕ್ಕ ಅವನನ್ನು ಕೇಳಿದಳು, ಅಷ್ಟು ಕಷ್ಟ ಆಗ್ತಿದ್ದರೆ ಯಾಕೆ ನಿಲ್ಲಲಿಲ್ಲ ಅಂತ. "ಮೊದಲನೇ ವಾರನೇ ನಿಂತ್ರೆ ಟೀಮಿಂದ ತೆಗೀತಾರೆ ಅಂದ್ಕೊಂಡೆ" ಅಂದ. ಭಾವ ಅದಾದ ಮೇಲೆ ಗಟ್ಟಿಯಾಗೋ ಮಾತು ಎತ್ತಲಿಲ್ಲ.

ಇಲ್ಲಿ ಒಂದು ಹಳೆಯ ನಂಬಿಕೆ ಸರಿಪಡಿಸಬೇಕು. ಮಕ್ಕಳ ದೇಹ ದೊಡ್ಡವರಷ್ಟು ಬಿಸಿಲು ತಡೆಯಲ್ಲ, ಅವರಿಗೆ ಬೆವರುವ ಶಕ್ತಿಯೇ ಕಡಿಮೆ, ಹಾಗಾಗಿ ಬಿಸಿಲಲ್ಲಿ ಆಡಿಸಲೇಬಾರದು ಅಂತ ಬಹಳ ವರ್ಷ ಹೇಳ್ತಿದ್ದರು. 2011ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಈ ನಿಲುವನ್ನು ಬದಲಿಸಿತು. ನೀರು ಸಾಕಷ್ಟು ಕುಡಿದಿದ್ದರೆ ಮಕ್ಕಳು ಶಾಖವನ್ನು ನಿಭಾಯಿಸೋದರಲ್ಲಿ ದೊಡ್ಡವರಿಗಿಂತ ಹಿಂದೆ ಇಲ್ಲ ಅಂತ ಹೇಳಿತು. ತೊಂದರೆ ಬರೋದು ಬಹುಪಾಲು ತಪ್ಪಿಸಬಹುದಾದ ಕಾರಣಗಳಿಂದ: ವಿಪರೀತ ಶ್ರಮ, ಸಾಲದ ವಿಶ್ರಾಂತಿ, ಒಂದರ ಹಿಂದೆ ಒಂದು ಅಭ್ಯಾಸ, ಸಾಲದ ನೀರು. ಈ ಪಟ್ಟಿ ಗಮನಿಸಿ. ಎಷ್ಟು ಹೊತ್ತು ಓಡಬೇಕು, ಎಷ್ಟು ಹೊತ್ತು ಕೂರಬೇಕು ಅಂತ ಗೊತ್ತುಮಾಡೋರು ದೊಡ್ಡವರೇ.

ನಮ್ಮ ಜಾರ್ಜಿಯಾ ಇದನ್ನು ಕಷ್ಟಪಟ್ಟು ಕಲಿತ ರಾಜ್ಯ. 1980ರಿಂದ 2009ರವರೆಗೆ ದೇಶದಲ್ಲಿ ಶಾಖದಿಂದ ಸತ್ತ 58 ಅಮೆರಿಕನ್ ಫುಟ್‌ಬಾಲ್ ಆಟಗಾರರ ಪ್ರಕರಣಗಳನ್ನು ಜಾರ್ಜಿಯಾ ವಿಶ್ವವಿದ್ಯಾಲಯದ ಆಂಡ್ರ್ಯೂ ಗ್ರಂಡ್‌ಸ್ಟೀನ್ ಮತ್ತು ಸಂಗಡಿಗರು ಅಧ್ಯಯನ ಮಾಡಿದರು. ರಾಜ್ಯಗಳ ಪೈಕಿ ಅತಿ ಹೆಚ್ಚು ಸಾವು ಇದ್ದದ್ದು ಇಲ್ಲೇ, ಆರು. ಇನ್ನೊಂದು ಅಂಶ ನನ್ನನ್ನೂ ಬೆಚ್ಚಿಬೀಳಿಸಿತು: ಸಾವಿಗೆ ಕಾರಣವಾದ ಅಭ್ಯಾಸಗಳಲ್ಲಿ ಹೆಚ್ಚಿನವು ನಡೆದದ್ದು ಬೆಳಗಿನ ಹೊತ್ತಿನಲ್ಲಿ. ಬೆಳಿಗ್ಗೆ ಬಿಸಿಲು ಕಡಿಮೆ, ಆದರೆ ಗಾಳಿಯಲ್ಲಿ ತೇವ ಜಾಸ್ತಿ. ಬೆಳಿಗ್ಗೆ ಅಲ್ವಾ, ಪರವಾಗಿಲ್ಲ ಅಂತ ಹೆಚ್ಚು ಓಡಿಸೋದೂ ಉಂಟು. ರಾಯಚೂರಿನ ಒಣ ಬಿಸಿಲಿಗೆ ಎಂಟು ಗಂಟೆಯ ಕಚೇರಿ ಒಳ್ಳೆಯ ಉಪಾಯ. ಇಲ್ಲಿ ಗಡಿಯಾರ ನೋಡಿದರಷ್ಟೇ ಸಾಲದು, ಅಳೆಯಲೇಬೇಕು.

2012ರಲ್ಲಿ ಇಲ್ಲಿನ ಪ್ರೌಢಶಾಲಾ ಕ್ರೀಡಾ ಸಂಘ ನಿಯಮ ತಂದಿತು. ಡಬ್ಲ್ಯೂಬಿಜಿಟಿ 87 ಫ್ಯಾರನ್‌ಹೀಟ್, ಅಂದ್ರೆ ಸುಮಾರು 30.6 ಸೆಲ್ಸಿಯಸ್ ಮುಟ್ಟಿದರೆ ಅಭ್ಯಾಸ ಎರಡು ಗಂಟೆ ಮೀರಬಾರದು, ನಡುನಡುವೆ ಕಡ್ಡಾಯ ವಿಶ್ರಾಂತಿ ಇರಬೇಕು. 90 ಮುಟ್ಟಿದರೆ ಒಂದೇ ಗಂಟೆ, ಅದರಲ್ಲೂ ಇಪ್ಪತ್ತು ನಿಮಿಷ ವಿಶ್ರಾಂತಿ, ಹೆಲ್ಮೆಟ್ ಪ್ಯಾಡ್ ಯಾವುದೂ ಹಾಕುವಂತಿಲ್ಲ. 92 ದಾಟಿದರೆ, ಅಂದ್ರೆ 33.3 ಸೆಲ್ಸಿಯಸ್ ಮೀರಿದರೆ, ಹೊರಗಿನ ಅಭ್ಯಾಸ ಬಂದ್. ನಾನು ಅಪ್ಪನಿಗೆ ಹಾಕಿ ತೋರಿಸಿದ 31.4 ಈ ಲೆಕ್ಕದಲ್ಲಿ 88.5 ಆಗುತ್ತೆ. ಅಂದ್ರೆ ಆಟ ನಿಲ್ಲಲ್ಲ, ಆದರೆ ಹೊತ್ತು ಮತ್ತು ವಿಶ್ರಾಂತಿ ಬದಲಾಗಬೇಕು. ಈ ನಿಯಮ ಬಂದ ಮೇಲೆ ಶಾಖದ ತೊಂದರೆಗಳು ಗಣನೀಯವಾಗಿ ಇಳಿದವು ಅಂತ ಆಮೇಲಿನ ಅಧ್ಯಯನ ತೋರಿಸಿದೆ. ಆಟ ಉಳಿಸಿಕೊಂಡೇ ಅಪಾಯ ಕಡಿಮೆ ಮಾಡೋಕೆ ಆಗುತ್ತೆ ಅನ್ನೋದಕ್ಕೆ ಇದೇ ಸಾಕ್ಷಿ.

ಆದರೆ ನಿಯಮ ಪುಸ್ತಕದಲ್ಲಿ ಇದ್ದರೆ ಸಾಲದು. 2019ರ ಆಗಸ್ಟ್‌ನಲ್ಲಿ ಅಟ್ಲಾಂಟಾದ ದಕ್ಷಿಣಕ್ಕಿರೋ ಕ್ಲೇಟನ್ ಕೌಂಟಿಯಲ್ಲಿ ಹದಿನಾರು ವರ್ಷದ ಹುಡುಗಿಯೊಬ್ಬಳು ಹೊರಗಿನ ಅಭ್ಯಾಸದಲ್ಲಿ, ಕ್ರೀಡಾಂಗಣದ ಮೆಟ್ಟಿಲು ಹತ್ತುವಾಗ ಕುಸಿದು ಬಿದ್ದು ತೀರಿಕೊಂಡಳು. ಅವಳು ಆಡ್ತಿದ್ದದ್ದು ಬ್ಯಾಸ್ಕೆಟ್‌ಬಾಲ್, ಒಳಾಂಗಣದ ಆಟ. ಆಗ ನಿಯಮಕ್ಕೆ ಏಳು ವರ್ಷ ವಯಸ್ಸಾಗಿತ್ತು. ನಮ್ಮ ಮಕ್ಕಳು ಫುಟ್‌ಬಾಲ್ ಆಡಲ್ಲ, ನಮಗೆ ಇದು ಸಂಬಂಧ ಇಲ್ಲ ಅಂತ ನಮ್ಮ ಎಷ್ಟೋ ಮನೆಗಳಲ್ಲಿ ಅಂದ್ಕೊಂಡಿರ್ತಾರೆ. ಟೆನಿಸ್, ಓಟ, ಸಾಕರ್, ಮಾರ್ಚಿಂಗ್ ಬ್ಯಾಂಡ್, ಎಲ್ಲರ ತಲೆ ಮೇಲೂ ಇರೋದು ಅದೇ ಸೂರ್ಯ. ಬ್ಯಾಂಡಿನ ಮಕ್ಕಳು ಬಿಸಿಯಾದ ಪಾರ್ಕಿಂಗ್ ಜಾಗದಲ್ಲಿ ವಾದ್ಯ ಹೊತ್ತು ಗಂಟೆಗಟ್ಟಲೆ ನಿಲ್ತಾರೆ. ಕೃತಕ ಹುಲ್ಲಿನ ಮೈದಾನವಾದರೆ ಬಿಸಿಲಲ್ಲಿ ಅದರ ಮೇಲ್ಮೈ 60 ಡಿಗ್ರಿ ದಾಟೋದು ಅಪರೂಪವಲ್ಲ.

ಈಗ ಅಕ್ಕನ ಪ್ರಶ್ನೆ. ಬಿಡಿಸಿಬಿಟ್ಟರೆ ಮುಗೀತಲ್ಲ? ತಾಯಿಯಾಗಿ ಅವಳಿಗೆ ಹಾಗೆ ಅನ್ನಿಸೋದು ಸಹಜ. ಆದರೆ ದೇಹ ಶಾಖಕ್ಕೆ ಒಗ್ಗಿಕೊಳ್ಳೋದು ಶಾಖದಲ್ಲಿ ಶ್ರಮಪಟ್ಟಾಗ ಮಾತ್ರ. ದಿನಾ ಸ್ವಲ್ಪ ಸ್ವಲ್ಪ ಹೆಚ್ಚಿಸ್ತಾ ಹೋದರೆ ಹತ್ತರಿಂದ ಹದಿನಾಲ್ಕು ದಿನದಲ್ಲಿ ರಕ್ತದಲ್ಲಿನ ನೀರಿನಂಶ ಹೆಚ್ಚುತ್ತೆ, ಬೆವರು ಬೇಗ ಶುರುವಾಗುತ್ತೆ, ಬೆವರಿನಲ್ಲಿ ಹೋಗೋ ಉಪ್ಪು ಕಡಿಮೆಯಾಗುತ್ತೆ, ಅದೇ ಓಟಕ್ಕೆ ಎದೆ ಬಡಿತ ಇಳಿಯುತ್ತೆ. ಎಸಿಯೊಳಗೇ ಕೂತ ಮಗುವಿಗೆ ಇದ್ಯಾವುದೂ ಸಿಗಲ್ಲ. ಮುಂದೊಂದು ದಿನ ಸ್ನೇಹಿತರ ಜೊತೆ ಹೊರಗೆ ಓಡಿದರೆ ಅವನಿಗೇ ಹೆಚ್ಚು ಅಪಾಯ. ಭಾವ ಹೇಳಿದ ಗಟ್ಟಿಯಾಗೋದು ಇದೇ. ಆದರೆ ಅದು ಎರಡು ವಾರದ ಲೆಕ್ಕ, ಎರಡು ದಿನದ್ದಲ್ಲ. ಶಾಖದ ಸಾವುಗಳು ಋತುವಿನ ಮೊದಲ ದಿನಗಳಲ್ಲೇ ಹೆಚ್ಚು ಕಾಣಿಸೋದು ಅದಕ್ಕೇ.

ಹೊರದೇಶದಲ್ಲಿರೋ ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದ ಮಾತೊಂದಿದೆ. ಒಗ್ಗಿಕೊಂಡ ದೇಹ ಅದನ್ನು ಕಳ್ಕೊಳ್ಳುತ್ತೆ. ಮೂರು ನಾಲ್ಕು ವಾರ ಬಿಸಿಲಲ್ಲಿ ಶ್ರಮ ಪಡದಿದ್ದರೆ ಲಾಭದಲ್ಲಿ ಹೆಚ್ಚಿನ ಪಾಲು ಹೋಗಿಬಿಡುತ್ತೆ. ನಾವೇನು ಮಾಡ್ತೀವಿ? ಜೂನ್ ಜುಲೈನಲ್ಲಿ ಊರಿಗೆ ಹೋಗ್ತೀವಿ. ಅಲ್ಲಿ ಮಗು ಅಜ್ಜಿ ಮನೆಯ ಫ್ಯಾನಿನ ಕೆಳಗೆ, ಕಾರಿನಲ್ಲಿ, ಮದುವೆ ಮನೆಗಳಲ್ಲಿ ಕಾಲ ಕಳೆಯುತ್ತೆ. ಕೊನೇ ವಾರ ಹೊಟ್ಟೆ ಕೆಡುತ್ತೆ. ಇಪ್ಪತ್ತು ಗಂಟೆ ವಿಮಾನ ಪ್ರಯಾಣ, ಆಮೇಲೆ ಒಂದು ವಾರ ರಾತ್ರಿ ನಿದ್ದೆ ಇಲ್ಲ. ನಿದ್ದೆಗೇಡು, ಭೇದಿ, ಇತ್ತೀಚಿನ ಜ್ವರ, ಶಾಖಕ್ಕೆ ಒಗ್ಗದ ಮೈ, ಇವೆಲ್ಲ ಹೀಟ್ ಸ್ಟ್ರೋಕಿನ ಅಪಾಯವನ್ನು ಹೆಚ್ಚಿಸೋ ಅಂಶಗಳು. ಇಷ್ಟನ್ನೂ ಒಟ್ಟಿಗೆ ಹೊತ್ತ ಮಗುವನ್ನು ನಾವು ಸೋಮವಾರ ಮೈದಾನಕ್ಕೆ ಬಿಡ್ತೀವಿ. ಅಕ್ಕನ ಮಗನಿಗೆ ಆದದ್ದು ಅದೇ. ತಂಡದ ಉಳಿದ ಮಕ್ಕಳು ಜುಲೈ ಪೂರ್ತಿ ಇಲ್ಲೇ ಓಡಿದ್ದರು. ಉಳಿದವರೆಲ್ಲ ಓಡಿದರಲ್ಲ ಅನ್ನೋ ಭಾವನ ಪ್ರಶ್ನೆಗೆ ಉತ್ತರ ವಿಮಾನದ ಟಿಕೆಟ್ಟಿನಲ್ಲಿತ್ತು.

ನನ್ನ ಕೆಲಸ ಹಣ್ಣಿನ ನೊಣಗಳ ಮೇಲೆ. ಶಾಖಕ್ಕೂ ಈ ನೊಣಕ್ಕೂ ಹಳೇ ನಂಟು. ಬಿಸಿ ತಗುಲಿದಾಗ ಜೀವಕೋಶ ತನ್ನ ರಕ್ಷಣೆಗೆ ಬೇರೆ ಜೀನುಗಳನ್ನು ಚಾಲೂ ಮಾಡುತ್ತೆ ಅನ್ನೋದರ ಮೊದಲ ಸುಳಿವು 1962ರಲ್ಲಿ ಇಟಲಿಯ ಫೆರುಚ್ಚೊ ರಿತೊಸ್ಸಾ ಅವರಿಗೆ ಸಿಕ್ಕಿದ್ದು ಈ ನೊಣದಲ್ಲೇ. ನಮ್ಮ ಲ್ಯಾಬಿನಲ್ಲಿ ನೊಣಗಳನ್ನು 25 ಡಿಗ್ರಿಯಲ್ಲಿ ಇಡ್ತೀವಿ. ಆ ಪೆಟ್ಟಿಗೆಯೊಳಗೆ ಎರಡು ಡಿಗ್ರಿ ಹೆಚ್ಚಾದರೆ ನಡುರಾತ್ರಿಯಲ್ಲೂ ನನ್ನ ಫೋನ್ ಬಡ್ಕೊಳ್ಳುತ್ತೆ. ನೊಣಗಳು ತಾವಾಗಿ ಹೇಳ್ತವೆ ಅಂತ ನಾನು ಕಾಯಲ್ಲ. ಆವತ್ತು ಕಪಾಟಿನಲ್ಲಿದ್ದ ಮೀಟರ್ ನೆನೆದಾಗ ನನಗೆ ಕಣ್ಣಮುಂದೆ ಬಂದದ್ದು ಈ ಅಲಾರಂ.

ಹಾಗಾದರೆ ತಂದೆತಾಯಿ ಏನು ಮಾಡಬಹುದು? ಶಾಲೆಗೆ ಮೂರು ಪ್ರಶ್ನೆ ಕೇಳಿ. ಒಂದು, ನಮ್ಮ ಮಕ್ಕಳು ನಿಲ್ಲೋ ಜಾಗದಲ್ಲೇ ಡಬ್ಲ್ಯೂಬಿಜಿಟಿ ಅಳೀತೀರಾ, ಸಂಖ್ಯೆ ಮೀರಿದಾಗ ನಿಲ್ಲಿಸೋ ಅಧಿಕಾರ ಯಾರದು? ಎರಡು, ತಡವಾಗಿ ಸೇರಿದ ಅಥವಾ ಪ್ರವಾಸದಿಂದ ಬಂದ ಮಗುವಿಗೆ ಮೊದಲ ಎರಡು ವಾರ ಬೇರೆ ಲೆಕ್ಕ ಇದೆಯಾ? ಮೂರು, ಮೈದಾನದ ಪಕ್ಕದಲ್ಲಿ ಐಸ್ ನೀರಿನ ತೊಟ್ಟಿ ಇದೆಯಾ?

ಮೂರನೆಯದು ವಿಚಿತ್ರ ಅನ್ನಿಸಬಹುದು. ಆದರೆ ಜೀವ ಉಳಿಸೋದು ಅದೇ. ಹೀಟ್ ಸ್ಟ್ರೋಕ್ ಆದವರನ್ನು ಅರ್ಧ ಗಂಟೆಯೊಳಗೆ ತಣ್ಣಗೆ ಮಾಡಿದರೆ ಬದುಕೋ ಸಾಧ್ಯತೆ ತುಂಬಾ ಜಾಸ್ತಿ. ಮ್ಯಾಸಚೂಸೆಟ್ಸ್‌ನ ಫಾಲ್ಮತ್‌ನಲ್ಲಿ ಪ್ರತಿ ಆಗಸ್ಟ್‌ನಲ್ಲಿ ಏಳು ಮೈಲಿಯ ಓಟ ನಡೆಯುತ್ತೆ. ಅಲ್ಲಿ 18 ವರ್ಷಗಳ ಅವಧಿಯಲ್ಲಿ ಹೀಟ್ ಸ್ಟ್ರೋಕ್ ಆದ 274 ಜನರನ್ನು ಸ್ಥಳದಲ್ಲೇ ಐಸ್ ನೀರಿನಲ್ಲಿ ಮುಳುಗಿಸಿ ಉಪಚರಿಸಿದರು. 274 ಜನರೂ ಬದುಕಿದರು. 2001ರಲ್ಲಿ ಮಿನೆಸೋಟಾ ವೈಕಿಂಗ್ಸ್ ತಂಡದ ಕೋರಿ ಸ್ಟ್ರಿಂಗರ್ ಅಭ್ಯಾಸದ ಶಿಬಿರದಲ್ಲಿ ಹೀಟ್ ಸ್ಟ್ರೋಕಿನಿಂದ ತೀರಿಕೊಂಡರು, ಇಪ್ಪತ್ತೇಳು ವರ್ಷ. ಅವರ ಹೆಸರಿನಲ್ಲಿ 2010ರಿಂದ ಕನೆಕ್ಟಿಕಟ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡ್ತಿರೋ ಸಂಸ್ಥೆ ಪದೇಪದೇ ಹೇಳೋ ಮಾತು ಇಷ್ಟೇ: ಮೊದಲು ತಣಿಸಿ, ಆಮೇಲೆ ಸಾಗಿಸಿ. ಫ್ಲೋರಿಡಾ ರಾಜ್ಯ 2020ರಲ್ಲಿ ಪ್ರೌಢಶಾಲೆಗಳ ಅಭ್ಯಾಸಕ್ಕೆ ಇಂಥ ತೊಟ್ಟಿ ಇರಲೇಬೇಕು ಅಂತ ಕಾನೂನು ಮಾಡಿತು. ದುಬಾರಿ ವಸ್ತುವೂ ಅಲ್ಲ. ರೈತರು ದನಕ್ಕೆ ನೀರು ಕುಡಿಸೋಕೆ ಇಡೋ ದೊಡ್ಡ ತೊಟ್ಟಿಯೇ ಆಗುತ್ತೆ. ಅದೂ ಇಲ್ಲದಿದ್ದರೆ ಟಾರ್ಪಾಲಿನ್ ಮೇಲೆ ಮಲಗಿಸಿ, ನಾಲ್ಕೂ ಕಡೆ ಎತ್ತಿ ಹಿಡಿದು, ಐಸ್ ಮತ್ತು ನೀರು ಸುರಿದು ಅಲುಗಾಡಿಸ್ತಾ ಇರಬಹುದು. ಮಗು ಗೊಂದಲದಲ್ಲಿದ್ದರೆ ಅಥವಾ ಕುಸಿದರೆ ಒಬ್ಬರು ತುರ್ತು ಸಂಖ್ಯೆಗೆ ಫೋನ್ ಮಾಡಲಿ, ಉಳಿದವರು ತಣಿಸೋದು ನಿಲ್ಲಿಸಬಾರದು. ಹಣೆಗೆ ಹಿಡಿಯೋ ಥರ್ಮಾಮೀಟರ್ ನಂಬಬೇಡಿ, ಒಳಗಿನ ಶಾಖವನ್ನು ಅದು ಸರಿಯಾಗಿ ತೋರಿಸಲ್ಲ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ.

ನೀರಿನ ಬಗ್ಗೆ ಇನ್ನೊಂದು ಮಾತು. ನೀರು ಕುಡಿದರೆ ಎಲ್ಲ ಸರಿಹೋಗುತ್ತೆ ಅನ್ನೋದು ಅರ್ಧ ಸತ್ಯ. ನೀರು ಕುಡಿದ ಮಗುವಿಗೂ ಹೀಟ್ ಸ್ಟ್ರೋಕ್ ಆಗಬಹುದು. ಮಿತಿಮೀರಿ ಕುಡಿದರೆ ರಕ್ತದ ಸೋಡಿಯಂ ಇಳಿದು ಅದೇ ಅಪಾಯವಾಗುತ್ತೆ. 2014ರಲ್ಲಿ ಜಾರ್ಜಿಯಾದಲ್ಲೇ ಒಬ್ಬ ವಿದ್ಯಾರ್ಥಿ ಹಾಗೆ ವಿಪರೀತ ಕುಡಿದು ತೀರಿಕೊಂಡ. ಬಾಯಾರಿಕೆಗೆ ತಕ್ಕಷ್ಟು ನೀರು, ಊಟದ ಜೊತೆ ಉಪ್ಪು ಹಾಕಿದ ಮಜ್ಜಿಗೆ, ರಾತ್ರಿ ಪೂರ್ತಿ ನಿದ್ದೆ. ಅಲರ್ಜಿಗೋ ಗಮನದ ತೊಂದರೆಗೋ ಮಾತ್ರೆ ತಗೊಳ್ಳೋ ಮಗುವಾದರೆ, ಬಿಸಿಲಿನ ಆಟದ ಬಗ್ಗೆ ವೈದ್ಯರನ್ನು ಒಮ್ಮೆ ಕೇಳಿ. ಬೇರೆ ದೇಶದಲ್ಲಿರೋರು ನಿಮ್ಮಲ್ಲಿ ಯಾವ ಅಳತೆ ಬಳಸ್ತಾರೆ ಅಂತ ತಿಳ್ಕೊಳ್ಳಿ. ಉದಾಹರಣೆಗೆ ಸಿಂಗಪುರದಲ್ಲಿ 2023ರಿಂದ ಇದೇ ಡಬ್ಲ್ಯೂಬಿಜಿಟಿ ಆಧಾರದ ಮೇಲೆ ಎಚ್ಚರಿಕೆ ಕೊಡ್ತಾರೆ: 31 ಡಿಗ್ರಿಗಿಂತ ಕೆಳಗಿದ್ದರೆ ಕಡಿಮೆ ಅಪಾಯ, 33 ಮುಟ್ಟಿದರೆ ಹೆಚ್ಚು.

ಪ್ರಶ್ನೆ ಕೇಳೋಕೆ ನಮಗೆ ಸಂಕೋಚ, ನನಗೆ ಗೊತ್ತು. ಗುರುಗಳಿಗೆ ಎದುರಾಡಬಾರದು ಅಂತ ಬೆಳೆದವರು ನಾವು. ಪರದೇಶದಲ್ಲಿ ಮಗುವಿಗೆ ಕೆಟ್ಟ ಹೆಸರು ಬಂದೀತು ಅನ್ನೋ ಅಳುಕು ಬೇರೆ. ಅಕ್ಕನೂ ಎರಡು ದಿನ ಹಿಂಜರಿದಳು. ಕೊನೆಗೆ ನಾವಿಬ್ಬರೂ ಕೂತು ಐದು ಸಾಲಿನ ಇಮೇಲ್ ಬರೆದೆವು. ದೂರು ಇರಲಿಲ್ಲ, ಈ ಮೂರು ಪ್ರಶ್ನೆ ಮಾತ್ರ. ಕೋಚ್ ಅದೇ ದಿನ ಉತ್ತರ ಕೊಟ್ಟರು. ಅವರಿಗೆ ಇವನು ಊರಿಂದ ಬಂದು ಮೂರೇ ದಿನ ಆಗಿತ್ತು ಅನ್ನೋದೇ ಗೊತ್ತಿರಲಿಲ್ಲ. ನಾವೂ ಹೇಳಿರಲಿಲ್ಲ. ಆ ತಪ್ಪು ನಮ್ಮದು.

ಹುಡುಗ ಮೂರು ವಾರ ಬಿಟ್ಟು, ವೈದ್ಯರು ಒಪ್ಪಿದ ಮೇಲೆ, ಮೊದಲು ಇಪ್ಪತ್ತು ನಿಮಿಷ, ಆಮೇಲೆ ಮೂವತ್ತು, ಹೀಗೆ ಮತ್ತೆ ಶುರುಮಾಡಿದ. ಈಗ ಮೀಟರ್ ಮೈದಾನದ ಅಂಚಿನಲ್ಲಿ ಒಂದು ಮುಕ್ಕಾಲಿಯ ಮೇಲೆ ನಿಂತಿರುತ್ತೆ. ಒಂದು ಸಂಜೆ ನಾನೂ ಅಪ್ಪನೂ ನೋಡೋಕೆ ಹೋಗಿದ್ವಿ. ಅಪ್ಪ ನೆರಳಲ್ಲಿ ಬೆಂಚಿನ ಮೇಲೆ ಸುಮ್ಮನೆ ಕೂತಿದ್ದರು, ಓಡಿರಲಿಲ್ಲ, ಆಡಿರಲಿಲ್ಲ. ಕಾಲು ಗಂಟೆಗೆ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಅದನ್ನು ಎಳೆದು ಬಿಡಿಸ್ಕೊಳ್ತಾ ಅಂದರು: "ಯವ್ವಾ, ಇಲ್ಲಿ ಬೆವರು ಆರಂಗಿಲ್ಲಲ್ಲ. ಇದು ನಮ್ಮೂರ ಬಿಸಲಲ್ಲ ಬಿಡು." ಅಷ್ಟರಲ್ಲಿ ಕೋಚ್ ಮೀಟರ್ ನೋಡಿ ಸೀಟಿ ಊದಿದರು. ಮಕ್ಕಳೆಲ್ಲ ನೆರಳಿಗೆ ಬಂದು ಕೂತರು. ನಾನು ದಣಿದೆ ಅಂತ ಯಾವ ಮಗುವೂ ಹೇಳಬೇಕಾಗಲಿಲ್ಲ.

ಇವತ್ತಿಗೆ ಇಷ್ಟು. ನಿಮ್ಮ ಊರಿನಲ್ಲಿ, ನಿಮ್ಮ ಮಕ್ಕಳ ಶಾಲೆಯಲ್ಲಿ ಏನು ಪದ್ಧತಿ ಇದೆ ಅಂತ ನಮಗೆ ಬರೆದು ತಿಳಿಸಿ. ಬೇಸಿಗೆಯಲ್ಲಿ ಊರಿಗೆ ಹೊರಟ ಸ್ನೇಹಿತರಿದ್ದರೆ ಈ ಸಂಚಿಕೆಯನ್ನು ಅವರಿಗೂ ಕಳಿಸಿ, ವಾಪಸ್ ಬರೋ ಮೊದಲೇ ಕೇಳಲಿ.